ಒಳಲೆಯ ಮುಂದೆ ವೈದ್ಯಕೀಯ ವಿದ್ಯಾರ್ಥಿ

ವಸ್ತುಸಂಗ್ರಹಾಲಯವು ಇತಿಹಾಸದ ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ನಮ್ಮಲ್ಲಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯವಾದರೋ ತನ್ನ ವೈದ್ಯಕೀಯ ವಿದ್ಯಾರ್ಥಿಗಳನ್ನು ಕಲಾಸಂಗ್ರಹಾಲಯದ ಚಿತ್ರಗಳ ಮುಂದೆ ನಿಲ್ಲಿಸಿ, ಕಂಡದ್ದನ್ನು ವಿವರವಾಗಿ ಹೇಳುವ ಅಭ್ಯಾಸ ಮಾಡಿಸಿತು. ರೋಗಿಗಳ ಛಾಯಾಚಿತ್ರಗಳಲ್ಲಿನ ಲಕ್ಷಣಗಳನ್ನು ಗುರುತಿಸುವ ಅವರ ಶಕ್ತಿ ಇದರಿಂದ ಹೆಚ್ಚಿತೆಂಬ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಈಗ ಅಂತರ್ಜಾಲದ ನೆರವಿನಿಂದ ಬೇರೆ ಬೇರೆ ದೇಶಗಳ ಆರೋಗ್ಯವಿಜ್ಞಾನದ ವಿದ್ಯಾರ್ಥಿಗಳು ಒಂದೇ ವಸ್ತುವನ್ನು ನೋಡುತ್ತ, ಪರಸ್ಪರರ ಸಂಸ್ಕೃತಿಯನ್ನು ಅರಿಯುವುದೂ ಸಾಧ್ಯವಾಗಿದೆ.

ಅಂಥ ತರಗತಿಯಲ್ಲಿ ಭಾಷೆಯ ವಿದ್ಯಾರ್ಥಿಗೂ ಸ್ಥಾನವಿರಬೇಕೆಂಬುದು ನನ್ನ ಅಭಿಮತ. ಏಕೆಂದರೆ ಕಣ್ಣು ವಸ್ತುವನ್ನು ಕಾಣಿಸುತ್ತದೆ. ಅದರ ಬಾಳನ್ನು ತಿಳಿಸುವುದು ಮಾತು.

ಕೂಸಿಗೆ ಹಾಲೂಡಿಸುವ ಒಳಲೆಯನ್ನೇ ನೋಡೋಣ. ಮರಾಠಿಯಲ್ಲಿ ಅದು ಬೋಂಡಲೆ. ಚಿಲಮತ್ತೂರಿನ ಸುತ್ತಲ ತೆಲುಗು ಮನೆಗಳಲ್ಲಿ ಉಗ್ಗುಗಿನ್ನೆ. ಪರದೇಶದ ವಿದ್ಯಾರ್ಥಿಗೆ ಅದು ಹಣತೆಯಂತೆ ಕಂಡರೆ ಅಚ್ಚರಿಯಿಲ್ಲ. ಆದರೆ ಅದು ಗಾಜಿನ ಪೆಟ್ಟಿಗೆಗೆ ಸೇರಿದ ಹಳೆಯ ಪದಾರ್ಥವೇನಲ್ಲ. ಹಾಲು ಚೀಪಲಾರದ, ಕಡಿಮೆ ತೂಕದ ಶಿಶುಗಳಿಗೆ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಇಂಥ ಪಾತ್ರೆಯಿಂದಲೇ ತಾಯಿಯ ಹಾಲನ್ನು ಕುಡಿಸುವುದುಂಟು.

ಇದೇ ಪಾತ್ರೆಯಲ್ಲಿ ಹರಳೆಣ್ಣೆಯನ್ನೋ ತೇಯ್ದ ಬೇರನ್ನೋ ಕೂಸಿಗೆ ಹಾಕುವ ಪದ್ಧತಿಯೂ ಇದೆ. ಮೊದಲ ಆರು ತಿಂಗಳು ತಾಯಿಯ ಹಾಲಿನ ಹೊರತು ಬೇರೇನೂ ಬೇಡವೆನ್ನುತ್ತದೆ ಇಂದಿನ ವೈದ್ಯಶಾಸ್ತ್ರ. “ಮಗುವಿಗೆ ಏನಾದರೂ ಔಷಧ ಕೊಟ್ಟಿರಾ?” ಎಂದು ವೈದ್ಯರು ಕೇಳಿದರೆ ತಾಯಿ “ಇಲ್ಲ” ಎನ್ನಬಹುದು. ಆಕೆ ಸುಳ್ಳಾಡುತ್ತಿಲ್ಲ, ಉಗ್ಗು ಆಕೆಯ ನುಡಿಯಲ್ಲಿ ಔಷಧವಲ್ಲ, ಆರೈಕೆ. “ಒಳಲೆಯಲ್ಲಿ ಏನೇನು ಹಾಕುವಿರಮ್ಮಾ?” ಎಂದು ಕೇಳಿದರೆ ಉತ್ತರ ಬೇರೆಯಾದೀತು. ಕೂಸಿನ ಕ್ಷೇಮ ಇಂಥ ಒಂದು ಪದವನ್ನು ಆಶ್ರಯಿಸಿರಬಹುದು.

2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ಸಂವಹನ ಕೌಶಲಕ್ಕೂ ಸ್ಥಳೀಯ ಭಾಷೆಯ ಕಲಿಕೆಗೂ ಎಡೆ ಮಾಡಿಕೊಟ್ಟಿರುವುದು ಸ್ವಾಗತಾರ್ಹ. ಆದರೆ ನಾಲ್ಕಾರು ವಾಕ್ಯಗಳ ಕಂಠಪಾಠದಿಂದ ಈ ಅರಿವು ಬಾರದು. ‘ಕನ್ನಡಿಗರು ಹೀಗೆ, ತೆಲುಗರು ಹಾಗೆ’ ಎಂಬ ಪಟ್ಟಿಯಿಂದಂತೂ ಸರ್ವಥಾ ಬಾರದು. ಒಂದೇ ಓಣಿಯ ಎರಡು ಮನೆಗಳ ಬಾಣಂತನವೇ ಒಂದೇ ತೆರನಾಗಿರುವುದಿಲ್ಲ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ಕೆಲಸವನ್ನು ಮನೆಯಿಂದಲೇ ಆರಂಭಿಸಬಹುದು. ಬಾಣಂತನದ ಒಂದೊಂದು ಪರಿಕರದ ಚಿತ್ರ ತೆಗೆಯಿರಿ. ಅದರ ಹೆಸರು, ಬಳಕೆ, ಹಿರಿಯರ ನಡುವಿನ ಭಿನ್ನಾಭಿಪ್ರಾಯ ಇವನ್ನು ಬರೆದಿಡಿ. ಆ ಸಂಗ್ರಹವನ್ನು ಪರದೆಯ ಮೇಲೆ ಶುಶ್ರೂಷಾ ಕಾಲೇಜಿನವರೊಡನೆ ಹಂಚಿಕೊಂಡರೆ, ಜಾನಪದ ಪತ್ರಿಕೆಯ ನಿಮ್ಮ ಓದು ಒಬ್ಬ ತಾಯಿಗಾದರೂ ನೆರವಾದೀತು.