ಟೀ ಅಂಗಡಿಯ ಹತ್ತು ರೂಪಾಯಿಗೆ ಇರೋ ವೇಗ ಲ್ಯಾಬ್ ರಿಪೋರ್ಟಿಗೆ ಯಾಕಿಲ್ಲ?

2021ರ ಏಪ್ರಿಲ್ ನೆನಪಿದೆಯಾ? ಬೆಂಗಳೂರಿನಲ್ಲಿ ಕೋವಿಡ್ ಟೆಸ್ಟ್ ಮಾಡಿಸಿಕೊಂಡು ಬಂದವರ ಕೈಯಲ್ಲಿ ಒಂದು ಎಸ್‌ಆರ್‌ಎಫ್ ಐಡಿ ಇರುತ್ತಿತ್ತು. ಅದನ್ನು ಸರ್ಕಾರದ ಜಾಲತಾಣದಲ್ಲಿ ಹಾಕಿ ನೋಡೋದು, ರಿಸಲ್ಟ್ ಬಂದಿಲ್ಲ ಅಂತ ಗೊತ್ತಾದರೆ ಅರ್ಧ ಗಂಟೆ ಬಿಟ್ಟು ಮತ್ತೆ ರಿಫ್ರೆಶ್ ಮಾಡೋದು. ಲ್ಯಾಬಿನವರು ಫಲಿತಾಂಶವನ್ನು ಐಸಿಎಂಆರ್ ಪೋರ್ಟಲ್‌ಗೆ ಹಾಕಬೇಕು, ಅದು ಬಿಬಿಎಂಪಿಗೆ ಬರಬೇಕು, ಆಮೇಲೆ ‘ಬಿಯು ನಂಬರ್’ ಹುಟ್ಟಬೇಕು. ಆ ನಂಬರ್ ಇಲ್ಲದವರಿಗೆ ಸರ್ಕಾರಿ ಕೋಟಾದ ಹಾಸಿಗೆ ಸಿಗೋದು ಕಷ್ಟ. ಇತ್ತ ಆಕ್ಸಿಜನ್ ಮಟ್ಟ ಇಳಿಯುತ್ತಿದ್ದರೆ ಅತ್ತ ನಂಬರಿಗಾಗಿ ಫೋನ್ ಮೇಲೆ ಫೋನ್ ಮಾಡಿದ ಮನೆಗಳು ಎಷ್ಟೋ. ಕೊನೆಗೆ ಮೇ 8ರಂದು ಕೇಂದ್ರ ಆರೋಗ್ಯ ಸಚಿವಾಲಯವೇ, ಆಸ್ಪತ್ರೆಗೆ ದಾಖಲಾಗಲು ಪಾಸಿಟಿವ್ ರಿಪೋರ್ಟ್ ಕಡ್ಡಾಯವಲ್ಲ ಎಂದು ಹೇಳಬೇಕಾಯಿತು.

ಆಗ ಲ್ಯಾಬ್‌ಗಳ ಮೇಲೆ ಹೊರಲಾರದ ಹೊರೆ ಇತ್ತು, ಸ್ಯಾಂಪಲ್‌ಗಳ ರಾಶಿ ಬಿದ್ದಿತ್ತು. ಅದನ್ನು ಮರೆಯುವಂತಿಲ್ಲ. ಆದರೆ ತಡವಾಗಿದ್ದು ಟೆಸ್ಟ್ ಮಾತ್ರವಲ್ಲ. ಟೆಸ್ಟ್ ಮುಗಿದ ಮೇಲೆ ಸುದ್ದಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗೋದೂ ತಡವಾಯಿತು. ಮೊದಲನೆಯದಕ್ಕೆ ಯಂತ್ರ ಬೇಕು, ಸಿಬ್ಬಂದಿ ಬೇಕು. ಎರಡನೆಯದಕ್ಕೆ ಬೇಕಿದ್ದದ್ದು ಬಹಳ ಹಳೆಯ, ಬಹಳ ಅಗ್ಗದ ಒಂದು ತಂತ್ರ. ಅದರ ಹೆಸರು ವೆಬ್‌ಹುಕ್.

ಕೇಳೋದು ಬೇರೆ, ಹೇಳೋದು ಬೇರೆ

ಟೀ ಅಂಗಡಿಯಲ್ಲಿ ಯುಪಿಐನಿಂದ ಹತ್ತು ರೂಪಾಯಿ ಹಾಕಿದರೆ ಪಕ್ಕದ ಸೌಂಡ್‌ಬಾಕ್ಸ್ ಕೂಡಲೇ ಕೂಗುತ್ತೆ. ‘ದುಡ್ಡು ಬಂತಾ, ಬಂತಾ’ ಅಂತ ಅಂಗಡಿಯವರು ಬ್ಯಾಂಕನ್ನು ಕೇಳುತ್ತಾ ಕೂರಲ್ಲ. ಬಂದಾಗ ಬ್ಯಾಂಕಿನ ಕಡೆಯಿಂದಲೇ ಸುದ್ದಿ ಬರುತ್ತೆ. ಸೌಂಡ್‌ಬಾಕ್ಸ್ ಒಳಗಿನ ತಂತ್ರಜ್ಞಾನ ಸ್ವಲ್ಪ ಬೇರೆ ಇರಬಹುದು, ತತ್ವ ಇದೇ. ಆನ್‌ಲೈನ್ ಅಂಗಡಿಗಳಿಗೆ ಪೇಮೆಂಟ್ ಗೇಟ್‌ವೇಗಳು ‘ಹಣ ಬಂತು’ ಅಂತ ತಿಳಿಸೋದು ವೆಬ್‌ಹುಕ್ ಮೂಲಕವೇ. ಒಂದು ಘಟನೆ ನಡೆದ ತಕ್ಷಣ, ಮೊದಲೇ ಬರೆಸಿಟ್ಟ ವಿಳಾಸಕ್ಕೆ ಒಂದು ಸಾಫ್ಟ್‌ವೇರ್ ತಾನಾಗಿಯೇ ಸಂದೇಶ ಕಳಿಸುತ್ತೆ. ವೆಬ್‌ಹುಕ್ ಅಂದರೆ ಇಷ್ಟೇ.

ಇದರ ವಿರುದ್ಧ ಪದ್ಧತಿಗೆ ಇಂಜಿನಿಯರ್‌ಗಳು ಪೋಲಿಂಗ್ ಅಂತಾರೆ. ಚುನಾವಣೆಯ ಪೋಲಿಂಗ್ ಅಲ್ಲ, ಪದೇ ಪದೇ ಹೋಗಿ ಕೇಳೋದು. 2021ರಲ್ಲಿ ಎಸ್‌ಆರ್‌ಎಫ್ ಐಡಿ ಹಿಡಿದು ರಿಫ್ರೆಶ್ ಮಾಡುತ್ತಿದ್ದ ನಾವೇ ಆ ವ್ಯವಸ್ಥೆಯ ಪೋಲಿಂಗ್ ಯಂತ್ರಗಳಾಗಿದ್ದೆವು.

ಲ್ಯಾಬ್ ಸಾಫ್ಟ್‌ವೇರಿನಲ್ಲಿ ಇಂಥ ಘಟನೆಗಳು ದಿನಕ್ಕೆ ಸಾವಿರಾರು: ಸ್ಯಾಂಪಲ್ ಬಂತು, ಸ್ಯಾಂಪಲ್ ಹಾಳಾಗಿದೆ, ರಿಸಲ್ಟ್ ಬಂತು, ಡಾಕ್ಟರ್ ಸಹಿ ಹಾಕಿದರು, ರಿಪೋರ್ಟ್ ತಿದ್ದಲಾಯಿತು. ಪ್ರತಿಯೊಂದೂ ಯಾರಿಗೋ ಗೊತ್ತಾಗಬೇಕು. ರಕ್ತದಲ್ಲಿ ಪೊಟ್ಯಾಸಿಯಂ 6.5 ದಾಟಿದೆ ಅಂದರೆ ಹೃದಯದ ಬಡಿತವೇ ತಪ್ಪಬಹುದು. ಆ ಅಂಕಿ ಸಂಜೆಯ ಪ್ರಿಂಟ್‌ಔಟ್‌ಗೆ ಕಾಯುವಂತಿಲ್ಲ. ಲ್ಯಾಬ್‌ಗಳ ಗುಣಮಟ್ಟಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15189 ಹೇಳೋದೂ ಇದನ್ನೇ: ಪ್ರಾಣಕ್ಕೆ ಕುತ್ತು ತರುವ ಫಲಿತಾಂಶವನ್ನು ಕೂಡಲೇ ತಿಳಿಸಬೇಕು, ಯಾರಿಗೆ ಯಾವಾಗ ತಿಳಿಸಿದ್ದು ಅಂತ ಬರೆದಿಡಬೇಕು. ನಮ್ಮಲ್ಲಿ ಎನ್‌ಎಬಿಎಲ್ ಮಾನ್ಯತೆ ಕೊಡೋದು ಇದೇ ಮಾನದಂಡದ ಮೇಲೆ.

ಫೈಲ್ ಕಳಿಸಿದ ದೇಶದ ಕಥೆ

ಸುದ್ದಿಯನ್ನು ಆಗಿಂದಾಗ್ಗೆ ಕಳಿಸದೆ ರಾಶಿ ಹಾಕಿ ಕಳಿಸಿದರೆ ಏನಾಗುತ್ತೆ ಅನ್ನೋದನ್ನು ಇಂಗ್ಲೆಂಡ್ ನೋಡಿದೆ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ 15,841 ಪಾಸಿಟಿವ್ ಪ್ರಕರಣಗಳು ಅಲ್ಲಿನ ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಲ್ಯಾಬ್‌ಗಳು ಕಳಿಸಿದ ಫೈಲುಗಳನ್ನು ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಹಳೆಯ ಎಕ್ಸೆಲ್ ಮಾದರಿಗೆ ತುಂಬುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲುಗಳಿಗಿಂತ ಹೆಚ್ಚಿಗೆ ಹಿಡಿಸಲ್ಲ. ಮಿಕ್ಕ ಸಾಲುಗಳು ಸದ್ದಿಲ್ಲದೆ ಉದುರಿಹೋದವು. ಸೋಂಕಿತರಿಗೆ ಅವರ ಫಲಿತಾಂಶ ತಲುಪಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಬೇಕಾದ ತಂಡಕ್ಕೆ ಹೆಸರುಗಳೇ ಹೋಗಿರಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ‘ಸದ್ದಿಲ್ಲದೆ’ ಅನ್ನೋ ಮಾತು. ಕಳಿಸಿದವರು ಕಳಿಸಿದ್ದೇವೆ ಅಂದುಕೊಂಡರು, ಪಡೆದವರು ಬಂದಷ್ಟೇ ಇದೆ ಅಂದುಕೊಂಡರು. ಒಂದೊಂದು ಫಲಿತಾಂಶಕ್ಕೂ ‘ತಲುಪಿತು’ ಅನ್ನೋ ರಸೀದಿ ಇದ್ದಿದ್ದರೆ ಮೊದಲ ದಿನವೇ ಲೆಕ್ಕ ತಪ್ಪಿದ್ದು ಕಾಣುತ್ತಿತ್ತು.

ಎಂಟ್ರಿ ಆದಮೇಲೆ ಮಾತ್ರ ರಿಯಲ್ ಟೈಮ್

ನಮ್ಮಲ್ಲಿ ಪೋರ್ಟಲ್‌ಗಳಿಗೆ ಕೊರತೆ ಇಲ್ಲ. ಕ್ಷಯರೋಗಕ್ಕೆ ನಿಕ್ಷಯ್ ಇದೆ. ಡೆಂಗಿ, ಕಾಲರಾದಂಥ ಕಾಯಿಲೆಗಳ ಮೇಲೆ ಕಣ್ಣಿಡಲು 2021ರ ಏಪ್ರಿಲ್‌ನಲ್ಲಿ ಹೊಸ ರೂಪದಲ್ಲಿ ಬಂದ ಐಎಚ್‌ಐಪಿ ಇದೆ. ಅದರಲ್ಲಿ ಕ್ಷೇತ್ರ ಸಿಬ್ಬಂದಿ ತುಂಬೋದು ಎಸ್ ಫಾರ್ಮ್, ವೈದ್ಯರು ತುಂಬೋದು ಪಿ ಫಾರ್ಮ್, ಲ್ಯಾಬ್ ತುಂಬೋದು ಎಲ್ ಫಾರ್ಮ್. ಇದನ್ನು ಬಹುಪಾಲು ರಿಯಲ್ ಟೈಮ್ ವ್ಯವಸ್ಥೆ ಅಂತ ಸರ್ಕಾರ ಕರೆಯುತ್ತೆ. ಎಂಟ್ರಿ ಆದಮೇಲೆ ಅದು ರಿಯಲ್ ಟೈಮ್ ಹೌದು. ಎಂಟ್ರಿ ಆಗೋವರೆಗೆ?

ಯಂತ್ರದಲ್ಲಿ ಬಂದ ಫಲಿತಾಂಶವನ್ನು ಮನುಷ್ಯರು ನೋಡಿ ರಿಜಿಸ್ಟರ್‌ಗೆ ಬರೆದು, ಅದನ್ನೇ ಮತ್ತೆ ಪೋರ್ಟಲ್‌ಗೆ ಟೈಪ್ ಮಾಡೋ ಕಡೆಯೆಲ್ಲ ‘ರಿಯಲ್ ಟೈಮ್’ ಅಂದರೆ ಆ ಟೆಕ್ನಿಷಿಯನ್‌ಗೆ ಬಿಡುವಾದ ಟೈಮ್. ಸೂಜಿ ಚುಚ್ಚೋದು, ಟೆಸ್ಟ್ ಮಾಡೋದು, ಸಾಲಿನಲ್ಲಿ ನಿಂತವರಿಗೆ ಉತ್ತರ ಹೇಳೋದು, ಎಲ್ಲ ಮುಗಿದ ಮೇಲೆ ಎಂಟ್ರಿ. ತಡವಾದರೆ ನೋಟಿಸ್ ಬರೋದೂ ಅವರಿಗೇ.

ಡೆಂಗಿ ವಿಷಯದಲ್ಲಿ ಈ ತಡ ಎಷ್ಟು ದುಬಾರಿ ನೋಡಿ. ಕಾಯಿಲೆಯನ್ನು ಬೇಗ ಹಿಡಿಯೋ ಎನ್‌ಎಸ್1 ಟೆಸ್ಟ್ ಹೆಚ್ಚು ಉಪಯುಕ್ತವಾಗೋದು ಜ್ವರ ಬಂದ ಮೊದಲ ಐದು ದಿನಗಳ ಆಸುಪಾಸಿನಲ್ಲಿ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರೋಕೆ ಒಂದು ವಾರದಿಂದ ಹತ್ತು ದಿನ ಸಾಕು. ಅದು ಹುಟ್ಟಿದ ಜಾಗದಿಂದ ಬಹಳ ದೂರ ಹೋಗುವ ಸೊಳ್ಳೆಯೂ ಅಲ್ಲ. ಹಾಗಾಗಿ ಪಾಸಿಟಿವ್ ಬಂದವರ ಬೀದಿಯಲ್ಲಿ ಕೂಡಲೇ ಲಾರ್ವಾ ನಾಶ ಮಾಡಿದರೆ ಮುಂದಿನ ಸಂತತಿಯನ್ನೇ ತಡೆಯಬಹುದು. ಸುದ್ದಿ ಐದಾರು ದಿನ ತಡವಾದರೆ ಹೊಸ ಸೊಳ್ಳೆ ಹಾರಿ ಆಗಿರುತ್ತೆ.

2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದು ಅಧಿಸೂಚಿಸಿತು, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ಹಾಕುವ ನಿಯಮ ತಂದಿತು. ಮನೆ ಮುಂದಿನ ತೊಟ್ಟಿಗೆ ದಂಡ ಇದೆ. ಲ್ಯಾಬಿನಿಂದ ವಾರ್ಡಿಗೆ ಸುದ್ದಿ ತಲುಪದೇ ಹೋದರೆ ದಂಡ ಯಾರಿಗೆ?

ಕಳಿಸಿದ್ದೀವಿ ಅಂದರೆ ಮುಟ್ಟಿತು ಅಂತಲ್ಲ

ಹಾಗಾದರೆ ಎಲ್ಲ ಲ್ಯಾಬಿಗೂ ವೆಬ್‌ಹುಕ್ ಹಾಕಿಬಿಟ್ಟರೆ ಮುಗೀತಾ? ಇಲ್ಲ. ಇಂಜಿನಿಯರಿಂಗ್ ಓದಿದವರು ಸುಲಭವಾಗಿ ಬೀಳೋ ಹಳ್ಳ ಇದು.

ವೆಬ್‌ಹುಕ್ ಕಳಿಸೋದು ಹತ್ತು ಸಾಲಿನ ಕೋಡ್. ಕಷ್ಟ ಇರೋದು ಆಮೇಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕರೆಂಟ್ ಹೋಗಿ ಸರ್ವರ್ ಮಲಗಿದ್ದರೆ ಸಂದೇಶ ಎಲ್ಲಿಗೆ ಹೋಗಬೇಕು? ಒಳ್ಳೆಯ ವ್ಯವಸ್ಥೆ ಸ್ವಲ್ಪ ಬಿಟ್ಟು ಬಿಟ್ಟು ಮತ್ತೆ ಪ್ರಯತ್ನಿಸುತ್ತೆ, ಆಗಲೂ ಮುಟ್ಟದಿದ್ದರೆ ಪಕ್ಕಕ್ಕೆ ಎತ್ತಿಟ್ಟು ಮನುಷ್ಯರನ್ನು ಎಚ್ಚರಿಸುತ್ತೆ. ಕೆಟ್ಟ ವ್ಯವಸ್ಥೆ ನಾಲ್ಕು ಸಲ ಬಾಗಿಲು ತಟ್ಟಿ ಸುಮ್ಮನಾಗುತ್ತೆ. ಮತ್ತೆ ಮತ್ತೆ ಕಳಿಸಿದಾಗ ಒಂದೇ ಪ್ರಕರಣ ಎರಡಾಗಿ ಎಣಿಕೆಯಾಗಬಾರದು, ಅದಕ್ಕೆ ಪ್ರತಿ ಸಂದೇಶಕ್ಕೂ ಒಂದು ಗುರುತು ಸಂಖ್ಯೆ ಬೇಕು. ತಿದ್ದಿದ ರಿಪೋರ್ಟ್ ಮೊದಲು ಬಂದು, ತಪ್ಪಿದ್ದ ಹಳೆಯ ರಿಪೋರ್ಟ್ ಆಮೇಲೆ ಬಂದರೆ ಹಳೆಯದು ಹೊಸದನ್ನು ಅಳಿಸಿಹಾಕಬಾರದು. ಯಾರೋ ಸುಳ್ಳು ಫಲಿತಾಂಶ ತೂರಿಸದಂತೆ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕು.

ಇಷ್ಟೆಲ್ಲ ಸರಿ ಇದ್ದರೂ ಕೊನೆಯ ಮೈಲಿ ಬಾಕಿ. ಸರ್ವರ್ ‘ಸಿಕ್ಕಿತು’ ಅಂದರೆ ಸರ್ವರಿಗೆ ಸಿಕ್ಕಿತು ಅಂತ ಮಾತ್ರ. ಡ್ಯೂಟಿ ಡಾಕ್ಟರ್ ನೋಡಿದರಾ? ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಆ ಬೀದಿಗೆ ಹೋದರಾ? ಹೋಗೋಕೆ ಆ ಹುದ್ದೆ ಭರ್ತಿಯಾಗಿದೆಯಾ? ಖಾಲಿ ಕುರ್ಚಿಗೆ ರಿಯಲ್ ಟೈಮ್‌ನಲ್ಲಿ ಸುದ್ದಿ ಕಳಿಸಿ ಪ್ರಯೋಜನವಿಲ್ಲ.

ವಿಳಾಸ ಪಟ್ಟಿಯಲ್ಲಿ ಯಾರಿದ್ದಾರೆ?

ವೆಬ್‌ಹುಕ್‌ನ ರಾಜಕೀಯ ಇರೋದು ಆ ‘ಮೊದಲೇ ಬರೆಸಿಟ್ಟ ವಿಳಾಸ’ದಲ್ಲಿ. ಯಾರ ವಿಳಾಸ ಪಟ್ಟಿಯಲ್ಲಿದೆಯೋ ಅವರಿಗೆ ಮೊದಲು ಗೊತ್ತಾಗುತ್ತೆ. ನಿಮ್ಮ ಸಕ್ಕರೆ ಕಾಯಿಲೆಯ ಸುದ್ದಿ ನಿಮ್ಮ ಡಾಕ್ಟರಿಗೆ ಹೋಗೋದು ಚಿಕಿತ್ಸೆ. ಅದೇ ಸುದ್ದಿ ನಿಮ್ಮನ್ನು ಕೇಳದೆ ವಿಮೆ ಕಂಪನಿಗೋ ಕೆಲಸ ಕೊಟ್ಟವರಿಗೋ ಹೋದರೆ ಅದು ಬೇಹುಗಾರಿಕೆ. ಎರಡಕ್ಕೂ ಬೇಕಾದ ಕೋಡ್ ಒಂದೇ.

ಕೇಂದ್ರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕಾಗದದ ಮೇಲೆ ಇದನ್ನು ತಕ್ಕಮಟ್ಟಿಗೆ ಯೋಚಿಸಿದೆ. ಲ್ಯಾಬ್ ಮತ್ತು ಆಸ್ಪತ್ರೆಗಳು ತಮ್ಮ ಕಾಲ್‌ಬ್ಯಾಕ್ ವಿಳಾಸ ನೋಂದಾಯಿಸಬೇಕು. ರೋಗಿ ಒಪ್ಪಿಗೆ ಕೊಟ್ಟಾಗಲೂ ಹಿಂಪಡೆದಾಗಲೂ ಆ ವಿಳಾಸಕ್ಕೆ ಸಂದೇಶ ಬರುತ್ತೆ, ಆರೋಗ್ಯ ದಾಖಲೆ ಗೂಢಲಿಪಿಯಲ್ಲಿ ಹೋಗುತ್ತೆ. ಅಂದರೆ ವೆಬ್‌ಹುಕ್ ಮಾದರಿಯನ್ನು ದೇಶದ ಮಟ್ಟದಲ್ಲಿ ನಿಲ್ಲಿಸಿದ ವಿನ್ಯಾಸವೇ ಅದು. ಆದರೆ ರಿಸೆಪ್ಷನ್ ಕೌಂಟರಿನಲ್ಲಿ ‘ಒಟಿಪಿ ಹೇಳಿ’ ಅಂದಾಗ ಯಾವುದಕ್ಕೆ ಒಪ್ಪಿಗೆ ಅಂತ ಎಷ್ಟು ಜನ ಕೇಳ್ತಾರೆ? ಈ ಮಿಷನ್ ಅಡಿಯಲ್ಲಿ ಲ್ಯಾಬ್, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿಗಳಿಗೆ 2023ರಲ್ಲಿ ಶುರುವಾದ ಪ್ರೋತ್ಸಾಹಧನ ನಿಂತಿದ್ದದ್ದು ಜೋಡಿಸಿದ ಡಿಜಿಟಲ್ ದಾಖಲೆಗಳ ಸಂಖ್ಯೆಯ ಮೇಲೆ. ಎಣಿಸಿದ್ದಕ್ಕೆ ದುಡ್ಡು ಕೊಟ್ಟರೆ ಎಣಿಕೆ ಹೆಚ್ಚುತ್ತೆ. ರಿಪೋರ್ಟ್ ಸಕಾಲಕ್ಕೆ ಸರಿಯಾದವರಿಗೆ ಮುಟ್ಟಿತಾ ಅನ್ನೋದು ಬೇರೆಯೇ ಲೆಕ್ಕ.

ಕಾನೂನಿನ ಕಡೆ ನೋಡಿದರೂ ರಕ್ಷಣೆ ಸಡಿಲ. ಎಚ್‌ಐವಿ ಸ್ಥಿತಿಯ ಗೋಪ್ಯತೆಗೆ 2017ರ ಪ್ರತ್ಯೇಕ ಕಾಯ್ದೆ ಇದೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಆರೋಗ್ಯದ ಮಾಹಿತಿಯನ್ನು ಹೆಚ್ಚು ಸೂಕ್ಷ್ಮ ಅಂತ ಬೇರೆ ವರ್ಗದಲ್ಲಿ ಇಡಲೇ ಇಲ್ಲ. ಸಾಂಕ್ರಾಮಿಕದ ಹೊತ್ತಿನಲ್ಲಿ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಅದು ಅವಕಾಶ ಕೊಡುತ್ತೆ. ಅಂಥ ಅವಕಾಶ ಬೇಕು ಅನ್ನೋದನ್ನು ನಾನು ಒಪ್ಪುತ್ತೇನೆ, ಡೆಂಗಿಯ ಸುದ್ದಿ ವಾರ್ಡಿಗೆ ಹೋಗಲೇಬೇಕು. ಆದರೆ ಸೊಳ್ಳೆ ಹುಡುಕೋಕೆ ಬೀದಿಯ ಹೆಸರು ಸಾಕಾದ ಕಡೆ ರೋಗಿಯ ಇಡೀ ಜಾತಕ ಯಾಕೆ ಹೋಗಬೇಕು?

ಟೆಂಡರ್ ಹೊತ್ತಿನಲ್ಲೇ ಕೇಳಬೇಕು

ಸಾಫ್ಟ್‌ವೇರಿನ ಬಗ್ಗೆ ನಾವು ಮಾತಾಡೋದು ಅದು ಕೆಟ್ಟು ಕೂತ ಮೇಲೆ. ಆಗ ಮಾತಾಡಿ ಉಪಯೋಗ ಕಡಿಮೆ. ನಿಮ್ಮ ಜಿಲ್ಲೆಯ ಆಸ್ಪತ್ರೆಗೆ ಲ್ಯಾಬ್ ಸಾಫ್ಟ್‌ವೇರ್ ಬರುತ್ತಿದ್ದರೆ ಟೆಂಡರ್ ದಾಖಲೆ ತೆಗೆದು ನೋಡಿ, ಸಿಗದಿದ್ದರೆ ಆರ್‌ಟಿಐ ಹಾಕಿ. ನಾಲ್ಕೇ ಪ್ರಶ್ನೆ. ಫಲಿತಾಂಶ ಒಂದು ಸಲ ದಾಖಲಾದರೆ ಬೇಕಾದ ಪೋರ್ಟಲ್‌ಗಳಿಗೆಲ್ಲ ತಾನಾಗಿ ಹೋಗುತ್ತಾ, ಇಲ್ಲಾ ಟೆಕ್ನಿಷಿಯನ್ ಮತ್ತೆ ಟೈಪ್ ಮಾಡಬೇಕಾ? ಸಂದೇಶ ಮುಟ್ಟದಿದ್ದರೆ ಎಷ್ಟು ಹೊತ್ತಿನಲ್ಲಿ, ಯಾವ ಹುದ್ದೆಯವರಿಗೆ ಎಚ್ಚರಿಕೆ ಹೋಗುತ್ತೆ? ಸುದ್ದಿ ಹೋಗುವ ವಿಳಾಸಗಳ ಪಟ್ಟಿ ಸಾರ್ವಜನಿಕವಾ? ಆ ಪಟ್ಟಿಯಲ್ಲಿ ರೋಗಿಯ ಸ್ಥಾನ ಎಷ್ಟನೆಯದು?

ನನ್ನ ಮಟ್ಟಿಗೆ ಕೊನೆಯ ಪ್ರಶ್ನೆಯೇ ಮೊದಲನೆಯದು. 2021ರಲ್ಲಿ ಫಲಿತಾಂಶ ಎಲ್ಲೆಲ್ಲೋ ಸುತ್ತಿ ಕಡೆಗೆ ಬಂದದ್ದು ಕಾಯಿಲೆ ಯಾರ ಮೈಯಲ್ಲಿತ್ತೋ ಅವರ ಹತ್ತಿರ. ಮುಂದಿನ ಸಲ ರಿಫ್ರೆಶ್ ಒತ್ತುತ್ತಾ ಕೂರೋ ಸರದಿ ರೋಗಿಯದ್ದಾಗಬಾರದು.