ಗ್ಯಾಸ್ ಸಣ್ಣ ಮಾಡು ಅನ್ನಾವ್ರು ಮೊದಲ ಕಾರು ಬಂದ್ ಮಾಡ್ಲಿ

ಅಕ್ಕಾರ, ವೈನಿಯವ್ರ, ಒಂದ ಮಾತು ಕೇಳ್ತೀನಿ. ಚಾಕ್ಕ ಗ್ಯಾಸ್ ಸ್ವಲ್ಪ ದೊಡ್ಡದಿಟ್ರ ಅಡಗಿಮನಿ ಬಾಗಲಿಗೆ ಬಂದು "ಸಣ್ಣ ಮಾಡ, ಸಿಲಿಂಡರ್ ಪುಕ್ಕಟ ಬರ್ತೈತೇನು?" ಅನ್ನೂ ಗಂಡಸ್ರು, ನಾವು ಗಣಪತ್ ಗಲ್ಲ್ಯಾಗ ಕಾಯಿಪಲ್ಲೆ ತಗೊಂಡ ಬರೂತನಕ ಕಾರು ಚಾಲೂ ಇಟ್ಟು, ಎಸಿ ಹಾಕ್ಕೊಂಡು, ಮೊಬೈಲ್ ನೋಡ್ಕೋತ ಕುಂತಿರ್ತಾರಲ್ಲ, ಆ ಪೆಟ್ರೋಲ್ ಪುಕ್ಕಟ ಬರ್ತೈತೇನು? ಎಸಿ ಹಾಕಿ ನಿಂತ ಸಣ್ಣ ಕಾರೂ ತಾಸಿಗೆ ಅರ್ಧ ಲೀಟರಿಗಿಂತ ಹೆಚ್ಚು ಕುಡೀತೈತಿ, ಒಂದ ಗೇಣು ಮುಂದ ಹೋಗದ.

ಟಿಳಕವಾಡಿ ಫಸ್ಟ್ ಗೇಟಿನ್ಯಾಗೂ ಇದ ಹಾಡು. ಗೇಟ್ ಬಿದ್ದೈತಿ, ರೈಲಿನ ಸುಳಿವಿಲ್ಲ, ಸಾಲಾಗಿ ಗಾಡಿ ಎಲ್ಲಾ ಗುರ್ ಅಂತಿರ್ತಾವ. ಬಂದ್ ಮಾಡ್ರಿ ಅಂದ್ರ "ಮತ್ತ ಚಾಲೂ ಮಾಡಾಕ ಇನ್ನೂ ಹೆಚ್ಚು ಹೋಗ್ತೈತಿ, ನಿನಗ ತಿಳಿಯಂಗಿಲ್ಲ" ಅಂತಾರ. ಅದು ಕಾರ್ಬ್ಯುರೇಟರ್ ಕಾಲದ ಮಾತು. ಈಗಿನ ಗಾಡಿ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲೂದಿದ್ರ ಬಂದ್ ಮಾಡೂದ ಲಾಭ.

ಇನ್ನ ಖಾನಾಪುರ ದಾರಿ. ಪೀರನವಾಡಿ, ಮಚ್ಛೆ ದಾಟೂದ ತಡ, ಕಾಲು ಒತ್ತಿದ್ದ ಒತ್ತಿದ್ದು. ನೀವ ಲೆಕ್ಕ ಹಾಕ್ರಿ. ಊರಿಂದ ಊರಿಗೆ ಸುಮಾರು 26 ಕಿಲೋಮೀಟರ್. 60ರಾಗ ಹೋದ್ರ 26 ನಿಮಿಷ, 90ರಾಗ ಹೋದ್ರ 17 ನಿಮಿಷ. ಉಳಿಯೂದು ಒಂಬತ್ತ ನಿಮಿಷ, ಅದೂ ನಡುವ ಎಲ್ಲೂ ಬ್ರೇಕ್ ಹಾಕದಿದ್ರ! ವೇಗ ಒಂದೂವರಿಪಟ್ಟು ಮಾಡಿದ್ರ ಎದರ ಗಾಳಿ ತಡಿಯೂದು ಎರಡಪಟ್ಟಿಗಿಂತ ಹೆಚ್ಚಾಗ್ತೈತಿ. ಆ ಗಾಳಿ ಜೋಡಿ ಗುದ್ದಾಡೂದು ನಮ್ಮ ರೊಕ್ಕ. ಮುಂದ ಕಬ್ಬಿನ ಟ್ರ್ಯಾಕ್ಟರ್ ಕಾಣಸ್ತಿದ್ರೂ ಅದರ ಬಾಲದತನಕ ಓಡಿಸ್ಕೊಂಡು ಹೋಗಿ ಗಕ್ಕನ ಬ್ರೇಕ್ ಹಾಕ್ತಾರ, ಮತ್ತ ಒತ್ತತಾರ. ಇಷ್ಟ ಮಾಡಿ ಉಳಿಸಿದ ಒಂಬತ್ತ ನಿಮಿಷಕ್ಕ ಖಾನಾಪುರದಾಗ ಇಳದು ಅರ್ಧ ತಾಸು ಚಾ ಕುಡ್ಕೋತ ನಿಲ್ತಾರ.

ಇದಕ್ಕಿಂತ ನನಗ ಹೆಚ್ಚು ಸಿಟ್ಟು ಬರೂದು ಚೋರ್ಲಾ ಘಾಟ ಇಳಿಯುವಾಗ. "ಪೆಟ್ರೋಲ್ ಉಳಿತೈತಿ" ಅಂತ ನ್ಯೂಟ್ರಲ್ ಮಾಡ್ತಾರ. ಗೇರಿನ್ಯಾಗ ಇದ್ದು ಕಾಲು ತಗದ್ರ ಈಗಿನ ಇಂಜಿನ್ನಿಗೆ ಇಳಕಲಿನ್ಯಾಗ ಪೆಟ್ರೋಲ್ ಹೋಗೂದ ನಿಲ್ತೈತಿ. ನ್ಯೂಟ್ರಲ್ ಮಾಡಿದ್ರ ಇಂಜಿನ್ ಬಂದ್ ಬೀಳಬಾರದಂತ ಕುಡೀತಾನ ಇರ್ತೈತಿ. ಉಳಿಯೂದಂತೂ ಇಲ್ಲ, ಎಲ್ಲಾ ಭಾರ ಬ್ರೇಕಿನ ಮ್ಯಾಲ ಬಿದ್ದು ಅದು ಕಾಯ್ತೈತಿ. ಹಿಂದ ಮಕ್ಕಳು ಕುಂತಿರ್ತಾವ್ರಿ! ಕೆಲವ್ರು ಇಂಜಿನ್ನ ಬಂದ್ ಮಾಡ್ತಾರ, ಅಂಥವರ ಗಾಡಿ ಹತ್ತಬ್ಯಾಡ್ರಿ.

ಟೈರಿನ ಹವಾ ಕೇಳಿದ್ರ ಕಾಲಿಂದ ಒದ್ದು "ಗಟ್ಟಿ ಐತಿ" ಅಂತಾರ. ಎಷ್ಟು ಹವಾ ಬೇಕಂತ ಡ್ರೈವರ್ ಬಾಗಲಾ ತಗದ್ರ ಅಲ್ಲೇ ಚೀಟಿ ಅಂಟಿಸಿರ್ತಾರ, ಬರೇ ಓದಬೇಕು. ಗಾಡಿ ಓಡಿ ಟೈರ್ ಬಿಸಿ ಆಗೂದಕ್ಕಿಂತ ಮೊದಲ ನೋಡಿಸಬೇಕು. ಹವಾ ಕಡಿಮಿ ಇದ್ದ ಸೈಕಲ್ ತುಳದಾಕಿಗೆ ಇದನ್ನ ಬಿಡಿಸಿ ಹೇಳೂದ ಬ್ಯಾಡ. ಡಿಕ್ಕಿನ್ಯಾಗ ತಿಂಗಳಿಂದ ಬಿದ್ದಿರೂ ಖಾನಾಪುರದ ಅಕ್ಕಿಚೀಲಾನೂ ಒಮ್ಮೆ ಇಳಿಸ್ರಿ.

ರೇಟ್ ಏರೈತಿ, ರಸ್ತೆ ಕೆಟ್ಟೈತಿ ಅಂತಾರ. ಖರೇನ. ಆದ್ರ ಸಿಲಿಂಡರ್ ರೇಟೂ ಏರೈತಿ, ಅದಕ್ಕ ನಮಗ ಯಾರೂ ರಿಯಾಯಿತಿ ಕೊಟ್ಟಿಲ್ಲ. ಈಗ ಕಾರು ಓಡಿಸೂ ಸೊಸೆಂದಿರು, ಹೆಣ್ಮಕ್ಕಳೂ ನಮ್ಮನ್ಯಾಗ ಅದಾರ, ಅವರಿಗೂ ಇದ ಮಾತು.

ಸಿಲಿಂಡರ್ ಹಚ್ಚಿದ ತಾರೀಖು ಕ್ಯಾಲೆಂಡರಿನ್ಯಾಗ ಬರೀತೀವಲ್ಲ, ಅದರ ಮಗ್ಗಲಕ್ಕ ಟಾಕಿ ತುಂಬಿಸಿದ ದಿನ ಮೀಟರಿನ ಕಿಲೋಮೀಟರೂ ಬರೀರಿ. ಮುಂದಿನ ಸಲ ತುಂಬ ತುಂಬಿಸಿದಾಗ ಓಡಿದ ಕಿಲೋಮೀಟರನ್ನ ಹಾಕಿಸಿದ ಲೀಟರಿನಿಂದ ಭಾಗಿಸ್ರಿ. ಬಂಕಿನ ಚೀಟಿ ಮಾತ್ರ ಅವರ ಕಿಸೆದಾಗ ಬಿಡಬ್ಯಾಡ್ರಿ, ಇಸ್ಕೊಳ್ರಿ.