ಮಳೆಯೂರಿನ ಬಾಯಾರಿಕೆ

"ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ" ಎಂಬುದು ನಮ್ಮ ಹಿರಿಯರ ಗಾದೆ. ಬಯಲುಸೀಮೆಯ ರೈತನು ಈ ಮಾತನ್ನು ಕೈಮುಗಿದು ಒಪ್ಪುವನು. ಮಂಗಳೂರಿನ ಗೃಹಿಣಿಯನ್ನು ಜುಲೈ ತಿಂಗಳ ನಡುವಿನಲ್ಲಿ ಕೇಳಿದರೆ, ಒಣಗದ ಬಟ್ಟೆಗಳ ರಾಶಿಯನ್ನೊಮ್ಮೆ ನೋಡಿ, ಉತ್ತರಕ್ಕೆ ಸ್ವಲ್ಪ ಹೊತ್ತು ತಡೆದಾಳು. ಅದೇ ಗೃಹಿಣಿಯನ್ನು ಮೇ ತಿಂಗಳಲ್ಲಿ, ನಳ್ಳಿಯ ಕೆಳಗೆ ಬರಿದಾದ ಕೊಡವನ್ನಿಟ್ಟು ಕಾಯುತ್ತಿರುವಾಗ ಕೇಳಿದರೆ ಉತ್ತರವು ಒಡನೆಯೇ ದೊರೆಯುವುದು. ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಕುಡಿಯುವ ನೀರಿಗೆ ಸರದಿ ಏಕೆ? ಈ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ಪಠ್ಯಪುಸ್ತಕಗಳಷ್ಟೇ ಶ್ರದ್ಧೆಯಿಂದ ಓದಬೇಕೆಂಬುದು ನನ್ನ ಅಭಿಪ್ರಾಯ.

ಪ್ರವಾಸಿಗನ ಮಂಗಳೂರು ಬೇರೆ, ನಿವಾಸಿಯ ಮಂಗಳೂರು ಬೇರೆ. ನೋಡಬಂದವರು ಕದ್ರಿಯ ಗುಡ್ಡದ ಮೇಲೆ ನಿಂತು ತೆಂಗಿನ ತೋಟಗಳನ್ನೂ ಕೆಂಪು ಹೆಂಚಿನ ಮಾಡುಗಳನ್ನೂ ಅವುಗಳಾಚೆ ಮೋಡ ಕವಿದ ಕಡಲನ್ನೂ ಕಂಡು ಹಿಗ್ಗುತ್ತಾರೆ. ಊರಿನವರು ಆ ಮೋಡದ ಕೆಳಗೆ ನಾಲ್ಕು ತಿಂಗಳು ಬಾಳುತ್ತಾರೆ. ಹವೆಯಲ್ಲಿ ನೀರಾವಿಯು ಬಹುಮಟ್ಟಿಗೆ ತುಂಬಿಕೊಂಡಿರುವಾಗ ಬಟ್ಟೆಯ ನೀರು ಆವಿಯಾಗಿ ಹೋಗಲು ಎಡೆಯೇ ಇರುವುದಿಲ್ಲ; ಆದುದರಿಂದ ಶಾಲೆಯ ಅಂಗಿ ಬಚ್ಚಲ ಒಲೆಯ ಬಿಸಿಯಲ್ಲಿ ಒಣಗಬೇಕು. ಉಪ್ಪಿನಲ್ಲಿ ಬೆರೆತಿರುವ ಅಲ್ಪ ಪ್ರಮಾಣದ ಮೆಗ್ನೀಸಿಯಂ ಕ್ಲೋರೈಡ್ ಹವೆಯ ತೇವವನ್ನು ಹೀರಿ ಭರಣಿಯಲ್ಲೇ ನೀರೂರಿಸುತ್ತದೆ. ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುವುದರಿಂದ ಅಡುಗೆಮನೆಯಲ್ಲಿ ಒಣಮೀನು ಹೊರಬರುತ್ತದೆ. ಅದರ ಜೊತೆಗೆ ಬೇಸಗೆಯಲ್ಲೇ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ಸೊಳೆ, ಮಾವಿನಕಾಯಿ, ಹಲಸಿನ ಹಪ್ಪಳ. ಮಳೆ ಬಲವಾದ ದಿನ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರುವರೇ ಎಂದು ಮಕ್ಕಳು ಕಿವಿಗೊಟ್ಟು ಕಾಯುವುದಂತೂ ಇಲ್ಲಿಯ ನಿತ್ಯದ ಸಂಗತಿ.

ಇಷ್ಟೊಂದು ಮಳೆ ಇಲ್ಲಿಗೇ ಏಕೆ ಬರಬೇಕು? ಅರಬ್ಬೀ ಸಮುದ್ರದ ಮೇಲಿನಿಂದ ನೀರಾವಿ ಹೊತ್ತು ಬರುವ ನೈಋತ್ಯ ಮಾರುತಕ್ಕೆ ಪಶ್ಚಿಮ ಘಟ್ಟಗಳು ಗೋಡೆಯಂತೆ ಅಡ್ಡ ನಿಂತಿವೆ. ಹವೆಯು ಮೇಲೇರಲೇ ಬೇಕು. ಮೇಲೇರಿದಂತೆ ಹಿಗ್ಗುವುದು, ಹಿಗ್ಗಿದಂತೆ ತಣಿಯುವುದು, ತಣಿದಂತೆ ತನ್ನ ಹೊರೆಯನ್ನು ಮಳೆಯಾಗಿ ಇಳಿಸುವುದು. ಘಟ್ಟದಾಚೆಯ ಬೆಂಗಳೂರಿಗೆ ದೊರೆಯುವುದು ವರ್ಷಕ್ಕೆ 1,000 ಮಿಲಿಮೀಟರಿನಷ್ಟು ಮಾತ್ರ. ಮಳೆಗೆ ಹೆಸರಾದ ಲಂಡನ್ನಿಗೆ ಬೀಳುವುದು ಸುಮಾರು 600 ಮಿಲಿಮೀಟರ್. ಮಂಗಳೂರಿಗೆ ಜುಲೈ ಒಂದರಲ್ಲೇ ಅದಕ್ಕಿಂತ ಹೆಚ್ಚು ಬೀಳುತ್ತದೆ.

ಆದರೆ ಮಳೆಯ ಮೊತ್ತವೇ ಎಲ್ಲವೂ ಅಲ್ಲ. ನಾರ್ವೆ ದೇಶದ ಬರ್ಗೆನ್ ನಗರವೂ ಕಡಲ ತಡಿಯ ಮಳೆಯೂರೇ. ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಅಲ್ಲಿ ಬೀಳುತ್ತದೆ. ಆ ಮಳೆ ಹನ್ನೆರಡು ತಿಂಗಳುಗಳಿಗೂ ಹಂಚಿಹೋಗಿದೆ. ನಮ್ಮಲ್ಲಾದರೋ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚಿನ ಮಳೆ ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿದು ಮುಗಿಯುತ್ತದೆ. ಜನವರಿಯಿಂದ ಮಾರ್ಚಿನವರೆಗೆ ಆಕಾಶ ಬಹುತೇಕ ಬರಿದು. ವರ್ಷದ ಸಂಬಳವನ್ನೆಲ್ಲ ನಾಲ್ಕೇ ತಿಂಗಳಲ್ಲಿ ಪಡೆಯುವವನಿಗೆ ಪೆಟ್ಟಿಗೆ ಬೇಕು. ಚಿರಾಪುಂಜಿಯಲ್ಲಿ ಕೂಡ ಚಳಿಗಾಲದಲ್ಲಿ ನೀರಿಗೆ ಅಲೆಯಬೇಕಾಗುವುದು ಈ ಪೆಟ್ಟಿಗೆಯ ಕೊರತೆಯಿಂದಲೇ.

ನಮ್ಮ ಪೆಟ್ಟಿಗೆ ಎಂಥದು? ಅದು ಮುರಕಲ್ಲಿನದು. 1800–1801ರಲ್ಲಿ ಮೈಸೂರು, ಕನ್ನಡ ಹಾಗೂ ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕೊಡಲಿಯಿಂದ ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕೆಂಪು ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂಬ ಹೆಸರನ್ನು ಕೊಟ್ಟನು. ಮುರಕಲ್ಲು ಜೇನುಗೂಡಿನಂತೆ ತೂತುತೂತಾಗಿದೆ. ನೀರನ್ನು ಬೇಗನೆ ಕುಡಿಯುತ್ತದೆ, ಅಷ್ಟೇ ಬೇಗನೆ ಬಿಟ್ಟುಬಿಡುತ್ತದೆ. ಅದರ ಅಡಿಯಲ್ಲಿ ಸಾಮಾನ್ಯವಾಗಿ ಶೇಡಿ ಮಣ್ಣಿನ ಪದರವಿರುತ್ತದೆ. ಇದರೊಳಗೆ ನೀರು ಸುಲಭವಾಗಿ ಇಳಿಯಲಾರದು. ಆದುದರಿಂದ ಗುಡ್ಡದ ಮೇಲೆ ಇಂಗಿದ ನೀರು ಶೇಡಿಯವರೆಗೆ ಇಳಿದು, ಬಳಿಕ ಓರೆಯಾಗಿ ಹರಿದು, ಬುಡದ ಬೈಲಿನಲ್ಲಿ ಒರತೆಯಾಗಿ ಹೊರಟು ತೋಡು ಸೇರುತ್ತದೆ. ತೋಡು ಹೊಳೆಗೆ, ಹೊಳೆ ಕಡಲಿಗೆ.

ಈ ಒಂದು ಸಂಗತಿಯಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು: ಜುಲೈ ತಿಂಗಳಲ್ಲಿ ನಮ್ಮ ನೆಲ ತುಂಬಿದ ಕೊಡ. ಆಗ ಬಾವಿಯ ನೀರು ಕೈಗೆ ಎಟಕುವಷ್ಟು ಮೇಲೆ ಬಂದಿರುತ್ತದೆ. ತುಂಬಿದ ಕೊಡಕ್ಕೆ ಇನ್ನಷ್ಟು ಹೊಯ್ದು ಫಲವಿಲ್ಲ. ಬೇಸಗೆಗೆ ಒದಗುವುದು ಮಳೆಗಾಲದ ಕೊನೆಯ ನೀರು. ಸೆಪ್ಟೆಂಬರಿನ ಇಳಿಮಳೆ, ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳ ಗುಡುಗುಮಳೆ, ಹಾಗೂ ಆ ಬಳಿಕ ತೋಡುಗಳಲ್ಲಿ ಸಣ್ಣಗೆ ಹರಿಯುವ ಒರತೆಯ ನೀರು. ಎರಡನೆಯದು: ಗುಡ್ಡದ ಮೇಲಿನವನು ಇಂಗಿಸಿದ ನೀರು ಬಹುಪಾಲು ಕೆಳಗಿನವನ ಬಾವಿಯಲ್ಲಿ ಏಳುತ್ತದೆ. ಈ ನೆಲದಲ್ಲಿ ನೀರನ್ನು ಉಳಿಸುವುದು ನೆರೆಹೊರೆಯ ಕೆಲಸ. ಒಬ್ಬೊಬ್ಬನೇ ತನ್ನ ಪಾಲಿಗೆ ಮಾಡಿ ಮುಗಿಸುವಂಥದಲ್ಲ.

ಇದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ತುಳುನಾಡಿನ ಕೃಷಿಕನು ತನ್ನ ಭೂಮಿಯನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ಎಣಿಸಿದ್ದು ನೀರು ನಿಲ್ಲುವ ಲೆಕ್ಕದಿಂದಲೇ. ಮೇಲಿನ ಬೆಟ್ಟಿಗೆ ಮಳೆಯ ಒಂದೇ ಬೆಳೆ. ತಗ್ಗಿನ ಬೈಲಿನಲ್ಲಿ ಮೂರು ಬೆಳೆಗಳವರೆಗೂ ಸಾಧ್ಯ. ಗುಡ್ಡದ ಓರೆಯಲ್ಲಿ ಮದಕಗಳಿದ್ದವು. ಮಳೆ ಹಿಂದೆಗೆದ ಬಳಿಕ ಊರವರು ಕೂಡಿ ತೋಡಿಗೆ ಕಲ್ಲು, ಮಣ್ಣು, ಅಡಕೆಮರದ ಕಾಂಡಗಳಿಂದ ಕಟ್ಟ ಕಟ್ಟುತ್ತಿದ್ದರು. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು. ಮೊದಲ ಮಳೆಯನ್ನು ಹೋಗಗೊಟ್ಟು ಕೊನೆಯ ನೀರನ್ನು ಹಿಡಿಯುವ ಈ ಕ್ರಮಕ್ಕೆ ಆಧುನಿಕ ಜಲವಿಜ್ಞಾನವೂ ತಲೆದೂಗಬೇಕು.

ಮಳೆಯೊಡನೆ ಬಾಳುವವರಿಗೆ ಎರಡು ವಿದ್ಯೆಗಳು ಬೇಕು: ನೀರನ್ನು ಮೈಯಿಂದ ದೂರ ಮಾಡುವ ವಿದ್ಯೆ, ನೀರನ್ನು ಹಿಡಿದಿಡುವ ವಿದ್ಯೆ. ಮೊದಲನೆಯದರಲ್ಲಿ ನಾವು ಪಳಗಿದವರು. ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವಾಗ ಬೆನ್ನು ಮುಚ್ಚುತ್ತಿದ್ದ ಗೊರಬೆಯಿಂದ ಹಿಡಿದು, 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಆರಂಭಿಸಿದ ಕಾರ್ಖಾನೆಯ ಹೆಂಚಿನವರೆಗೆ, ಈ ಊರಿನ ಜಾಣ್ಮೆಯೆಲ್ಲ ಮಳೆಯನ್ನು ಜಾರಿಸುವುದರಲ್ಲಿ ಹೆಸರು ಪಡೆದಿದೆ. ಎರಡನೆಯ ವಿದ್ಯೆಯನ್ನು ಮಾತ್ರ ನಾವು ನಗರವಾಸಿಗಳಾಗುತ್ತ ಕಳೆದುಕೊಂಡೆವು.

ಕಳೆದುಕೊಂಡುದರ ಬೆಲೆಯನ್ನು ಲೆಕ್ಕ ಹಾಕಬಹುದು. ಒಂದು ಎಕರೆ ಬೈಲುಗದ್ದೆಯಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದು 4 ಲಕ್ಷ ಲೀಟರ್. ಗುಡ್ಡವನ್ನು ಕಡಿದು ಆ ಮಣ್ಣಿನಿಂದ ಗದ್ದೆಯನ್ನು ತುಂಬಿಸಿ ಮೇಲೆ ಸಿಮೆಂಟು ಹಾಸಿದಾಗ, ಅಷ್ಟು ನೀರು ತನ್ನ ಮನೆಯನ್ನು ಕಳೆದುಕೊಂಡು ರಸ್ತೆಗೆ ಬರುತ್ತದೆ. 2018ರ ಮೇ 29ರಂದು, ಮಳೆಗಾಲ ಕಾಲಿಡುವ ಹೊತ್ತಿಗೇ, ಒಂದೇ ದಿನದ ಮಳೆಗೆ ನಗರದ ತಗ್ಗು ಪ್ರದೇಶಗಳೆಲ್ಲ ಜಲಾವೃತವಾದುದನ್ನು ಜನ ಮರೆತಿಲ್ಲ. ಮರುವರ್ಷವೇ, 2019ರ ಬೇಸಗೆಯಲ್ಲಿ, ಅದೇ ನಗರದಲ್ಲಿ ನೀರನ್ನು ಸರದಿಯ ಮೇಲೆ ಹಂಚಬೇಕಾಯಿತು. ನೆರೆಯೂ ಬರವೂ ಒಂದೇ ತಪ್ಪಿನ ಎರಡು ಮುಖಗಳು.

ಕಡಲಂಚಿನ ಬಾವಿಗಳಿಗೆ ಇನ್ನೊಂದು ಗಂಡಾಂತರವಿದೆ. ಸಿಹಿನೀರಿಗಿಂತ ಕಡಲ ನೀರು ಸುಮಾರು ನಾಲ್ವತ್ತರಲ್ಲೊಂದು ಪಾಲು ಹೆಚ್ಚು ತೂಗುತ್ತದೆ. ಆದುದರಿಂದ ನೆಲದೊಳಗೆ ಸಿಹಿನೀರು ಕಡಲ ನೀರಿನ ಮೇಲೆ ತೇಲುತ್ತಿರುತ್ತದೆ. ಕಡಲ ಮಟ್ಟದಿಂದ 1 ಮೀಟರ್ ಎತ್ತರಕ್ಕಿರುವ ಸಿಹಿನೀರು, ಸ್ಥೂಲವಾಗಿ ಹೇಳುವುದಾದರೆ, ಕೆಳಗೆ 40 ಮೀಟರ್ ಆಳದವರೆಗೂ ಉಪ್ಪುನೀರನ್ನು ಅದುಮಿ ಹಿಡಿದಿರುತ್ತದೆ. ಮೇಲಿನ 1 ಮೀಟರನ್ನು ಪಂಪು ಹಾಕಿ ಎತ್ತಿದರೆ ಕೆಳಗಿನ ಉಪ್ಪುನೀರು ಕ್ರಮೇಣ ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ಬಹುಕಾಲ ಹಿಡಿಯುವುದು.

"ಇದಕ್ಕೇಕೆ ಇಷ್ಟು ಚಿಂತೆ? ನೇತ್ರಾವತಿಗೆ ತುಂಬೆಯಲ್ಲಿ ಅಣೆಕಟ್ಟು ಇದೆಯಲ್ಲ" ಎಂದು ಕೆಲವರು ಕೇಳಬಹುದು. ಹಳೆಯದಕ್ಕಿಂತ ಎತ್ತರದ ಹೊಸ ಕಿಂಡಿ ಅಣೆಕಟ್ಟು ಅಲ್ಲಿ ಎದ್ದು ನಿಂತಿರುವುದು ನಿಜ, ಅದರಿಂದ ಉಪಕಾರವಾಗಿರುವುದೂ ನಿಜ. ಆದರೆ ಅಣೆಕಟ್ಟು ನೀರನ್ನು ಹುಟ್ಟಿಸಲಾರದು. ಬಂದ ನೀರನ್ನು ತಡೆಯಬಲ್ಲುದು ಅಷ್ಟೆ. ಏಪ್ರಿಲಿನಲ್ಲಿ ಒಳಹರಿವು ನಿಂತಿತೆಂದರೆ ಉಳಿದುದು ದಿನ ಎಣಿಸುವ ಕೆಲಸ. ಹೊಸ ಅಣೆಕಟ್ಟಿನ ಬಳಿಕವೂ 2019ರಲ್ಲಿ, 2023ರಲ್ಲಿ ಆ ಎಣಿಕೆಯನ್ನು ನಾವು ಮಾಡಿದ್ದೇವೆ. ಎತ್ತಿನಹೊಳೆಯ ನೀರನ್ನು ಪೂರ್ವದ ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಕುರಿತು ಈ ನಗರದಲ್ಲಿ ಬಹಳ ಚರ್ಚೆಯಾಗಿದೆ, ಆಗತಕ್ಕದ್ದೇ. ಆದರೆ ದೂರದ ಹೊಳೆಯ ಹಕ್ಕನ್ನು ವಾದಿಸುವ ನಾವು ನಮ್ಮ ಮಾಡಿನ ಮೇಲೆ ಬಿದ್ದ ನೀರಿನ ಲೆಕ್ಕವನ್ನೂ ಕೊಡಬೇಕಲ್ಲವೇ?

ಆ ಲೆಕ್ಕ ಇಂತಿದೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ 1 ಲೀಟರ್ ನೀರು. 100 ಚದರ ಮೀಟರಿನ ಮಾಡಿನ ಮೇಲೆ ವರ್ಷಕ್ಕೆ 3,80,000 ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ನಷ್ಟವಾಯಿತೆಂದರೂ 3 ಲಕ್ಷ ಉಳಿಯಿತು. ಐವರ ಕುಟುಂಬಕ್ಕೆ ತಲೆಗೆ ದಿನಕ್ಕೆ 135 ಲೀಟರಿನಂತೆ ವರ್ಷಕ್ಕೆ ಬೇಕಾದುದು ಸುಮಾರು 2,46,000 ಲೀಟರ್. ಬೇಕಾದುದಕ್ಕಿಂತ ಬಿದ್ದುದೇ ಹೆಚ್ಚು! ಅಷ್ಟನ್ನೂ ತುಂಬಿಡುವ ತೊಟ್ಟಿ ಸಾಮಾನ್ಯ ಮನೆಗೆ ಸಾಧ್ಯವಿಲ್ಲವೆಂಬುದನ್ನು ಒಪ್ಪೋಣ. ಆದರೆ ಕುಡಿಯಲು ಮತ್ತು ಅಡುಗೆಗೆ ಮಾತ್ರ ತಲೆಗೆ 10 ಲೀಟರ್ ಎಂದಿಟ್ಟುಕೊಂಡರೆ, ಐವರಿಗೆ 150 ದಿನಗಳ ಬೇಸಗೆಗೆ 7,500 ಲೀಟರ್ ಸಾಕು. ಎರಡು ಮೀಟರ್ ಉದ್ದ, ಅಗಲ, ಆಳವಿರುವ ತೊಟ್ಟಿಯೊಂದು 8,000 ಲೀಟರ್ ಹಿಡಿಯುತ್ತದೆ. ಅದನ್ನು ತುಂಬಿಸಲು ಅಕ್ಟೋಬರಿನ 100 ಮಿಲಿಮೀಟರ್ ಮಳೆಯೇ ಸಾಕು. ಮಾಡನ್ನು ಮೊದಲೇ ಚೊಕ್ಕಟಗೊಳಿಸಿ, ಆರಂಭದ ನೀರನ್ನು ಹೊರಗೆ ಬಿಟ್ಟು, ಮರಳು ಇದ್ದಿಲುಗಳ ಮೂಲಕ ಸೋಸಿ, ಬೆಳಕೂ ಸೊಳ್ಳೆಯೂ ನುಸುಳದಂತೆ ತೊಟ್ಟಿಯನ್ನು ಮುಚ್ಚಿಡಬೇಕು. ಕುಡಿಯುವ ಮುನ್ನ ಕುದಿಸಬೇಕು. ತೊಟ್ಟಿ ತುಂಬಿದ ಮೇಲಿನ ನೀರು ಬಾವಿಗೆ ಹೋಗಲಿ.

ಇದು ಮನೆಯ ಮಟ್ಟದ ಮಾತಾಯಿತು. ಊರಿನ ಮಟ್ಟದಲ್ಲಿ ನಗರದ ಆಡಳಿತವು ಉಳಿದಿರುವ ಬೈಲುಗಳನ್ನು ತುಂಬಿಸಗೊಡಬಾರದು. ತೋಡುಗಳ ಅಗಲವನ್ನು ಕಾಯಬೇಕು. ಮಳೆ ಹಿಂದೆಗೆದೊಡನೆ ಅವುಗಳಿಗೆ ಹಿಂದಿನ ಕಟ್ಟಗಳ ಮಾದರಿಯಲ್ಲಿ ತಡೆಗಳನ್ನು ಹಾಕಿಸಬೇಕು. ತೋಡುಗಳಿಗೆ ಕೊಳಚೆ ಸೇರುತ್ತಿರುವಾಗ ಕಟ್ಟ ಕಟ್ಟಿದರೆ ಕೊಳಚೆಯ ಕೆರೆಯಾದೀತು; ಆದುದರಿಂದ ಕೊಳಚೆಯನ್ನು ಬೇರ್ಪಡಿಸುವುದೇ ಮೊದಲ ಕೆಲಸ. ಇದಕ್ಕೆ ಹಣ ಬೇಕು, ಬೆಲೆಯೇರಿದ ಭೂಮಿಯ ಆಸೆಯನ್ನು ಬಿಡಬೇಕು. ಸುಲಭವೆಂದು ನಾನು ಹೇಳಲಾರೆ. ಮೇ ತಿಂಗಳಲ್ಲಿ ಟ್ಯಾಂಕರುಗಳಿಗೆ ಸುರಿಯುವ ಹಣವೂ ಹಣವೇ ಎಂಬುದನ್ನು ಮಾತ್ರ ನೆನಪಿಸಬಲ್ಲೆ.

ವಿದ್ಯಾರ್ಥಿಗಳು ಮಾಡಬಹುದಾದುದು ಏನು? ಅಳೆಯುವುದು. ನೆಟ್ಟನೆಯ ಗೋಡೆಯುಳ್ಳ ಡಬ್ಬಿಯೊಂದನ್ನು ಮರಗಳಿಂದ ದೂರ, ತೆರೆದ ಜಾಗದಲ್ಲಿ ಅಲುಗಾಡದಂತೆ ಇಟ್ಟು, ದಿನವೂ ಬೆಳಗ್ಗೆ ಅದೇ ಹೊತ್ತಿಗೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿ ಬರೆದಿಟ್ಟು, ಡಬ್ಬಿಯನ್ನು ಬರಿದು ಮಾಡಿ, ಅದೇ ಮಳೆಮಾಪಕ. ಶಾಲೆಯ ಬಾವಿಗೆ ಗುರುತು ಹಾಕಿದ ಹಗ್ಗವನ್ನು ವಾರಕ್ಕೊಮ್ಮೆ ಇಳಿಸಿ ನೀರಿನ ಮಟ್ಟವನ್ನು ಬರೆಯಿರಿ. ಎರಡನ್ನೂ ಒಂದೇ ಗ್ರಾಫಿನ ಹಾಳೆಯಲ್ಲಿ ಗುರುತಿಸಿದರೆ, ಮಳೆ ನಿಂತ ಎಷ್ಟು ದಿನಕ್ಕೆ ನಿಮ್ಮ ಬಾವಿ ಇಳಿಯತೊಡಗುತ್ತದೆ, ಯಾವ ತಿಂಗಳ ಮಳೆ ಅದನ್ನು ತಡೆದು ನಿಲ್ಲಿಸುತ್ತದೆ ಎಂಬುದು ಕಣ್ಣಿಗೆ ಕಟ್ಟುವುದು. ಗುಡ್ಡದ ಶಾಲೆಯ ಹಾಳೆಯನ್ನೂ ಬೈಲಿನ ಶಾಲೆಯ ಹಾಳೆಯನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಇನ್ನೂ ಹೆಚ್ಚು ತಿಳಿಯುವುದು. ಮೇಲೆ ನಾನು ಹೇಳಿದುದನ್ನೂ ಹಾಗೆಯೇ ಪರೀಕ್ಷಿಸಿ ನೋಡಿ. ಕೇಳಿದುದನ್ನೆಲ್ಲ ನಂಬುವುದು ವಿಜ್ಞಾನದ ಕ್ರಮವಲ್ಲ.

ನಗರದ ನಾಲ್ಕು ಮೂಲೆಗಳ ಶಾಲೆಗಳಲ್ಲಿ ಹತ್ತು ವರ್ಷ ಇಂತಹ ಹಾಳೆಗಳು ಕೂಡಿಬಂದರೆ, ಯಾವ ಬೈಲನ್ನು ಉಳಿಸಬೇಕು, ಯಾವ ತೋಡಿಗೆ ಕಟ್ಟ ಬೇಕು ಎಂದು ಕೇಳುವ ಅಧಿಕಾರ ನಿಮಗೆ ಬರುತ್ತದೆ. ಅಂಕಿಗಳನ್ನು ಮುಂದಿಟ್ಟು ಕೇಳುವವರನ್ನು ತಳ್ಳಿಹಾಕುವುದು ಯಾವ ಆಡಳಿತಕ್ಕೂ ಸುಲಭವಲ್ಲ. ಪಂಪ್‌ವೆಲ್ ಎಂಬ ಹೆಸರಿನಲ್ಲಿ ಬಾವಿಯಿದೆ. ಇಂದು ಆ ಹೆಸರು ಕೇಳಿದವರಿಗೆ ವಾಹನಗಳ ಸಾಲು, ಮಳೆಗಾಲದಲ್ಲಿ ರಸ್ತೆಯ ಮೇಲಿನ ನೀರು ನೆನಪಾಗುತ್ತದೆ. ಊರಿನ ಉಳಿದ ಬಾವಿಗಳೂ ಹೆಸರಷ್ಟೇ ಆಗಿ ಹೋಗುವ ಮೊದಲು ಅವುಗಳಿಗೆ ಹಗ್ಗ ಇಳಿಸಿ ನೋಡುವವರು ಬೇಕಾಗಿದ್ದಾರೆ.